ಕೆಳಗಿಳಿಯುವ ಭಯವಿಲ್ಲದ ಲೀಗಿಗೆ ಟಿಕೆಟ್ ಕೊಂಡ ತಪ್ಪಿಗೆ

2024ರ ಏಪ್ರಿಲ್ 11ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ, ದೇಶದ ಅತ್ಯುನ್ನತ ಫುಟ್‌ಬಾಲ್ ಲೀಗಾದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್), ನಮ್ಮ ಬೆಂಗಳೂರು ಎಫ್‌ಸಿ ಮೋಹನ್ ಬಾಗಾನ್ ಎದುರು 0-4ರಿಂದ ಸೋತಾಗ, ಸೋಲಿಗಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿದ್ದು ಆ ಸೋಲಿನಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬ ಅರಿವು. ಎದುರಾಳಿಗಳಿಗೆ ಅಗ್ರಸ್ಥಾನದ ಚಿಂತೆಯಿತ್ತು, ಅವರು ಅದಕ್ಕೆ ತಕ್ಕಂತೆ ಆಡಿದರು. ನಮಗಾದರೋ ಮೇಲೇರುವ ಆಸೆಯೂ ಉಳಿದಿರಲಿಲ್ಲ, ಕೆಳಗೆ ಬೀಳುವ ಅಂಜಿಕೆಯೂ ಇರಲಿಲ್ಲ. ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹತ್ತನೆಯ ಸ್ಥಾನವೆಂದರೆ, ತಳದ ತಂಡಗಳು ಕೆಳಗಿನ ದರ್ಜೆಗೆ ಇಳಿಯುವ (ಹಿಂಬಡ್ತಿ) ಬೇರೆ ದೇಶಗಳ ಲೀಗುಗಳಲ್ಲಿ ಅಭಿಮಾನಿಗಳು ಜೀವವನ್ನು ಕೈಯಲ್ಲಿ ಹಿಡಿದು ಕೂರುವ ಸ್ಥಾನ. ಇಲ್ಲಿ ಅದು ಬರುವ ವರ್ಷ ನೋಡಿಕೊಳ್ಳೋಣ ಎಂದು ಮೈಮುರಿದು ಮನೆಗೆ ಹೋಗುವ ಸ್ಥಾನವಾಗಿತ್ತು.

ಇದು ನಮ್ಮೊಂದು ತಂಡದ ಕಥೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2021-22ರಲ್ಲಿ ಈಸ್ಟ್ ಬೆಂಗಾಲ್ ಇಪ್ಪತ್ತು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು ಕೊನೆಯ ಸ್ಥಾನದಲ್ಲಿ ನಿಂತಿತು. ಮರುವರ್ಷ ನಾರ್ತ್‌ಈಸ್ಟ್ ಯುನೈಟೆಡ್ ಕೂಡ ಒಂದೇ ಗೆಲುವಿನೊಂದಿಗೆ ಬರೀ 5 ಅಂಕ ಗಳಿಸಿ ಅದೇ ಜಾಗಕ್ಕೆ ಬಂತು. ಅದರ ಮರುವರ್ಷ ಹೈದರಾಬಾದ್ ಸರದಿ: 22 ಪಂದ್ಯ, ಒಂದು ಗೆಲುವು, 8 ಅಂಕ. ಸತತ ಮೂರು ವರ್ಷ ದೇಶದ ಅತ್ಯುನ್ನತ ಲೀಗಿನಲ್ಲಿ ಇಡೀ ಋತುವಿಗೆ ಒಂದೇ ಪಂದ್ಯ ಗೆದ್ದ ತಂಡವೊಂದಿತ್ತು ಮತ್ತು ಮೂರು ವರ್ಷವೂ ಆ ತಂಡದ ಕುರ್ಚಿ ಅಲುಗಲಿಲ್ಲ. ಸರ್ಕಾರಿ ನೌಕರಿಯಲ್ಲಾದರೂ ಹಿಂಬಡ್ತಿ ಎಂಬ ಶಿಕ್ಷೆ ಕಾಗದದ ಮೇಲಾದರೂ ಇರುತ್ತದೆ.

ಸಿಟ್ಟಿಗೆ ಅಸಲು ಕಾರಣವೆಂದರೆ, ಕೊಟ್ಟು ಮುರಿದ ಮಾತು. 2019ರ ಅಕ್ಟೋಬರ್‌ನಲ್ಲಿ ಕ್ವಾಲಾಲಂಪುರದಲ್ಲಿ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಸಮ್ಮುಖದಲ್ಲಿ ಭಾರತದ ಫುಟ್‌ಬಾಲಿಗೆ ಒಂದು ಮಾರ್ಗಸೂಚಿ ಸಿದ್ಧವಾಯಿತು. 2022-23ರಿಂದ, ಐಎಸ್‌ಎಲ್‌ಗಿಂತ ಕೆಳಗಿನ ದರ್ಜೆಯ ಐ-ಲೀಗ್ ಗೆದ್ದ ತಂಡ, ಪರವಾನಗಿಯ ಷರತ್ತುಗಳನ್ನು ಪೂರೈಸಿದರೆ, ಪ್ರವೇಶ ಶುಲ್ಕವಿಲ್ಲದೆ ಐಎಸ್‌ಎಲ್‌ಗೆ ಏರಬಹುದು. 2024-25ರ ಹೊತ್ತಿಗೆ ಎರಡೂ ಲೀಗುಗಳ ನಡುವೆ ಬಡ್ತಿ ಮತ್ತು ಹಿಂಬಡ್ತಿ ಪೂರ್ಣವಾಗಿ ಜಾರಿಗೆ ಬರಬೇಕು. ಇದು ಟೀಕಾಕಾರರು ಹೊರಗಿನಿಂದ ಹೇರಿದ ಗಡುವಲ್ಲ, ಆಡಳಿತ ನಡೆಸುವವರೇ ಒಪ್ಪಿಕೊಂಡು ಬಂದ ಗಡುವು. ಮೊದಲರ್ಧ ನಡೆಯಿತು ಕೂಡ. 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಐ-ಲೀಗ್ ಗೆದ್ದು ಮೇಲೆ ಬಂದವು. ಗಡುವಿನ ವರ್ಷವಾದ 2024-25ರಲ್ಲಿ ಅದೇ ಮೊಹಮ್ಮಡನ್ ಹದಿಮೂರು ತಂಡಗಳ ಪೈಕಿ ಹದಿಮೂರನೆಯದಾಯಿತು ಮತ್ತು ಇದ್ದಲ್ಲೇ ಇತ್ತು. ಏಣಿ ಹತ್ತಿ ಬಂದ ತಂಡಕ್ಕೂ ಒಳಗೆ ಕಾಲಿಟ್ಟ ಕೂಡಲೇ ಕಾಯಂ ಕುರ್ಚಿ ಸಿಕ್ಕಿತೆಂದರೆ, ಆ ಏಣಿಯನ್ನು ಇಟ್ಟದ್ದಾದರೂ ಏಕೆ?

ಭಾರತಕ್ಕೆ ಹಿಂಬಡ್ತಿ ಒಗ್ಗುವುದಿಲ್ಲ ಎನ್ನುವವರಿಗೆ ನಾನು ಐಜ್ವಾಲ್ ಎಫ್‌ಸಿಯ ಹೆಸರನ್ನು ಹೇಳುತ್ತೇನೆ. 2015-16ರ ಐ-ಲೀಗ್‌ನಲ್ಲಿ ಮಿಜೋರಾಂನ ಈ ತಂಡ ಕೊನೆಯ ಸ್ಥಾನದಲ್ಲಿರಲಿಲ್ಲ. ಅದಕ್ಕಿಂತ ಕೆಳಗೆ ಡಿಎಸ್‌ಕೆ ಶಿವಾಜಿಯನ್ಸ್ ಇತ್ತು. ಆದರೆ ಶಿವಾಜಿಯನ್ಸ್ ಕಾರ್ಪೊರೇಟ್ ನೇರ ಪ್ರವೇಶದ (ಕೆಳಗಿನ ದರ್ಜೆ ದಾಟದೆ, ಬಿಡ್ ಸಲ್ಲಿಸಿ ಬಂದ) ತಂಡವಾದ್ದರಿಂದ ಅದಕ್ಕೆ ಹಿಂಬಡ್ತಿಯಿಂದ ವಿನಾಯಿತಿಯಿತ್ತು, ಹಾಗಾಗಿ ಅದಕ್ಕಿಂತ ಚೆನ್ನಾಗಿ ಆಡಿದ ಐಜ್ವಾಲ್ ಇಳಿಯಬೇಕಾಯಿತು. ಮುಂದೆ ಗೋವಾದ ತಂಡಗಳು ಲೀಗಿನಿಂದ ಹಿಂದೆ ಸರಿದಾಗ ಐಜ್ವಾಲ್‌ಗೆ ಮತ್ತೆ ಜಾಗ ಸಿಕ್ಕಿತು. ಹಾಗೆ ಮರಳಿ ಬಂದ ತಂಡ 2016-17ರಲ್ಲಿ ಚಾಂಪಿಯನ್ನೇ ಆಯಿತು. ಅಂದಿನ ನಿಯಮದಲ್ಲಿ ಅದು ಐಎಸ್‌ಎಲ್ ಬಾಗಿಲನ್ನು ತಟ್ಟುವಂತೆಯೂ ಇರಲಿಲ್ಲ. ಗೋಕುಲಂ ಕೇರಳ ಐ-ಲೀಗ್ ಪ್ರಶಸ್ತಿಯನ್ನು ಸತತ ಎರಡು ವರ್ಷ ಗೆದ್ದ ಮೊದಲ ತಂಡ. 2021ರಲ್ಲೂ 2022ರಲ್ಲೂ ಗೆದ್ದು ಅದು ನಿಂತಲ್ಲೇ ನಿಂತಿತು. ಗೆದ್ದವರು ಏರುವಂತಿಲ್ಲ, ಸೋತವರು ಇಳಿಯುವಂತಿಲ್ಲ ಎಂದಾದರೆ ಅಂಕಪಟ್ಟಿಯನ್ನು ಮುದ್ರಿಸುವ ಕಾಗದವನ್ನಾದರೂ ಉಳಿಸಬಹುದಿತ್ತು.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ನಮ್ಮ ಬೆಂಗಳೂರು ಎಫ್‌ಸಿ ಕೂಡ ಬಂದದ್ದು ಕಾರ್ಪೊರೇಟ್ ಬಾಗಿಲಿನಿಂದಲೇ: 2013ರಲ್ಲಿ ಐ-ಲೀಗ್‌ಗೆ ನೇರ ಪ್ರವೇಶ, 2017ರಲ್ಲಿ ಬಿಡ್ ಸಲ್ಲಿಸಿ ಐಎಸ್‌ಎಲ್‌ಗೆ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಏಷ್ಯಾದ ಕ್ಲಬ್ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಗಿ ಅದು ತನ್ನ ಯೋಗ್ಯತೆಯನ್ನು ಆಮೇಲೆ ತೋರಿಸಿತು ಎಂಬುದು ಬೇರೆ ವಿಚಾರ. ಇಳಿಯುವ ನಿಯಮ ಬಂದು ಮೊದಲು ಇಳಿಯುವುದು ನನ್ನ ತಂಡವೇ ಆದರೂ ನಾನು ಈ ಮಾತಿನಿಂದ ಹಿಂದೆ ಸರಿಯುವುದಿಲ್ಲ.

ಮಾಲೀಕರ ವಾದ ಎಲ್ಲರಿಗೂ ಗೊತ್ತಿರುವುದೇ: ಕೋಟಿಗಟ್ಟಲೆ ಹೂಡಿದ ಮೇಲೆ ಒಂದು ಕೆಟ್ಟ ವರ್ಷಕ್ಕೆ ಕೆಳಗೆ ತಳ್ಳಿದರೆ ತಂಡವೇ ಮುಚ್ಚಿಹೋಗುತ್ತದೆ, ಆದ್ದರಿಂದ ಸ್ಥಿರತೆ ಬೇಕು. ಇದರಲ್ಲಿ ಹುರುಳೇ ಇಲ್ಲವೆಂದು ನಾನು ಹೇಳಲಾರೆ. ಐದು ಅಂಕಕ್ಕೆ ಕುಸಿದಿದ್ದ ನಾರ್ತ್‌ಈಸ್ಟ್ ಚೇತರಿಸಿಕೊಂಡು 2024ರಲ್ಲೂ 2025ರಲ್ಲೂ ಡ್ಯುರಾಂಡ್ ಕಪ್ ಎತ್ತಿತು. ಕೆಳಗಿಳಿಸಿದ್ದರೆ ಆ ಚೇತರಿಕೆ ಇಷ್ಟು ಬೇಗ ಆಗುತ್ತಿತ್ತೋ ಇಲ್ಲವೋ. ಆದರೆ ಹಿಂಬಡ್ತಿಯಿಲ್ಲದ ಈ ವ್ಯವಸ್ಥೆ ಕೊಟ್ಟ ಸ್ಥಿರತೆ ಎಂಥದ್ದು ಎಂಬುದನ್ನೂ ನೋಡಬೇಕಲ್ಲ. 2019ರಲ್ಲಿ ಪುಣೆ ಸಿಟಿ ಬಾಗಿಲು ಹಾಕಿತು, ಅದರ ಜಾಗಕ್ಕೆ ಹೈದರಾಬಾದ್ ಬಂತು. ಅದೇ ವರ್ಷ ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಹೈದರಾಬಾದ್ 2022ರಲ್ಲಿ ಚಾಂಪಿಯನ್ ಆಗಿ, ಎರಡೇ ವರ್ಷದಲ್ಲಿ ಸಂಬಳ ಬಾಕಿಯ ವಿವಾದದಲ್ಲಿ ಆಟಗಾರರನ್ನು ಕಳೆದುಕೊಂಡು ಪಟ್ಟಿಯ ತಳ ಸೇರಿ, 2025ರಲ್ಲಿ ದೆಹಲಿಗೆ ಸ್ಥಳಾಂತರಗೊಂಡಿತು. ಹಿಂಬಡ್ತಿ ಇಲ್ಲದೆಯೂ ಪುಣೆಯ ಅಭಿಮಾನಿ ತನ್ನ ತಂಡವನ್ನು ಕಳೆದುಕೊಂಡ, ಹೈದರಾಬಾದಿನವನೂ ಕಳೆದುಕೊಂಡ. ಎರಡನೆಯ ದರ್ಜೆಗೆ ಇಳಿದಿದ್ದರೆ ಅವರಿಗೆ ತಂಡವಾದರೂ ಊರಿನಲ್ಲೇ ಉಳಿದು ಮುಂದಿನ ವರ್ಷ ಏರಬಹುದೆಂಬ ಆಸೆಯಾದರೂ ಇರುತ್ತಿತ್ತು. ಇಲ್ಲಿ ಭದ್ರವಾಗಿದ್ದದ್ದು ಕುರ್ಚಿಯೇ ಹೊರತು ತಂಡವಲ್ಲ, ಆ ಕುರ್ಚಿ ಅಂಗಡಿಯ ಪರವಾನಗಿಯಂತೆ ಕೈಯಿಂದ ಕೈಗೆ, ಊರಿಂದ ಊರಿಗೆ ಹೋಗುತ್ತದೆ.

ಸಮಯ ಬೇಕು ಎಂಬ ನೆಪವೂ ಹಳಸಿದೆ. ಜಪಾನ್ 1993ರಲ್ಲಿ ಹತ್ತು ತಂಡಗಳೊಂದಿಗೆ ಜೆ-ಲೀಗ್ ಆರಂಭಿಸಿ 1999ಕ್ಕೆ ಎರಡನೆಯ ದರ್ಜೆಯನ್ನು ಕಟ್ಟಿತ್ತು. ನಮ್ಮದು 2014ರಲ್ಲಿ ಶುರುವಾದದ್ದು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಹೊಟ್ಟೆಯುರಿ ಆರದಿರುವುದು ನಮ್ಮೂರಿನ ಇನ್ನೊಂದು ತಂಡದಿಂದಾಗಿ. ಎಸ್‌ಸಿ ಬೆಂಗಳೂರು 2023-24ರಲ್ಲಿ ಮೂರನೆಯ ದರ್ಜೆಯ ಐ-ಲೀಗ್ 2 ಗೆದ್ದು ಮೇಲೇರಿತು, ಮರುವರ್ಷವೇ ಡೆಲ್ಲಿ ಎಫ್‌ಸಿಯ ಜೊತೆ ಕೆಳಗಿಳಿಯಿತು. ನಿಯಮ ನಿಯಮವೇ, ಇಳಿದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ? 2024-25ರಲ್ಲಿ ಎರಡನೆಯ ದರ್ಜೆಯಲ್ಲಿ ಹಿಂಬಡ್ತಿ ನಡೆಯಿತು, ಮೂರನೆಯದರಲ್ಲಿ ನಡೆಯಿತು, ಹಣವಿರುವ ಮೊದಲನೆಯದರಲ್ಲಿ ಮಾತ್ರ ಅದು ಹೂಡಿಕೆಗೆ ಅಪಾಯಕಾರಿಯಾಗಿತ್ತು. ಎಸ್‌ಸಿ ಬೆಂಗಳೂರಿನವರೂ ದುಡ್ಡು ಹಾಕಿಯೇ ತಂಡ ಕಟ್ಟಿದ್ದರು, ಅವರ ಆಟಗಾರರಿಗೂ ಮನೆ ಬಾಡಿಗೆ ಇರುತ್ತದೆ. ಅವರು ಇಳಿದ ದಿನ ಅವರ ಹೂಡಿಕೆಗಾಗಿ ಮರುಗಿದವರನ್ನು ನಾನಂತೂ ಕಾಣಲಿಲ್ಲ.