ಕೊಲೋಸಿಯಂ ಇಲ್ಲದ ರೋಮ್

ರೋಮ್ ನಗರದ ಚೆಲುವನ್ನು ತೋರಿಸುವ ಸಿನಿಮಾ ಯಾವುದು ಎಂದು ಯಾರನ್ನೇ ಕೇಳಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲು ‘ರೋಮನ್ ಹಾಲಿಡೇ’, ಅದರ ಬೆನ್ನಿಗೇ ‘ಲಾ ಡೋಲ್ಚೆ ವೀಟಾ’, ಹೇಳುವವರು ಸ್ವಲ್ಪ ಈಚಿನವರಾದರೆ ‘ದ ಗ್ರೇಟ್ ಬ್ಯೂಟಿ’. ಈ ಮೂರೂ ನನಗೆ ಇಷ್ಟವಾದ ಚಿತ್ರಗಳೇ, ಅವುಗಳ ಮೇಲೆ ನನ್ನ ತಕರಾರೇನೂ ಇಲ್ಲ. ಆದರೆ ಆ ಊರಿನಲ್ಲಿ ತೆಗೆದ ಚಿತ್ರಗಳನ್ನು ಹುಡುಕಿ ಹುಡುಕಿ ನೋಡುತ್ತ ಬಂದಂತೆ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ ಬೇರೆಯೇ ಇದೆ: ರೋಮ್ ಪರದೆಯ ಮೇಲೆ ನಿಜಕ್ಕೂ ಸುಂದರವಾಗಿ ಕಾಣಿಸುವುದು, ಅದನ್ನು ನಿಂತು ನೋಡಲು ಪುರುಸೊತ್ತೇ ಇಲ್ಲದವರ ಹಿಂದೆ ಕ್ಯಾಮೆರಾ ಹೊರಟಾಗ.

ಇದಕ್ಕೆ ಚರಿತ್ರೆಯಲ್ಲೂ ಒಂದು ಕಾರಣವಿದೆ. ಸ್ಮಾರಕಗಳ ರೋಮ್ ಅನ್ನು ಸಿನಿಮಾದವರಿಗಿಂತ ಮೊದಲೇ ಒಂದು ಸೆಟ್ ಮಾಡಿಟ್ಟವನು ಮುಸೊಲಿನಿ. ಪಿಯಾಝಾ ವೆನೆಝಿಯಾದಿಂದ ಕೊಲೋಸಿಯಂವರೆಗೆ ಇಂದು ಪ್ರವಾಸಿಗರು ಮೆಚ್ಚಿ ಫೋಟೋ ತೆಗೆದುಕೊಳ್ಳುವ ಆ ನೇರ ಹೆದ್ದಾರಿ 1932ರಲ್ಲಿ ಅವನೇ ಉದ್ಘಾಟಿಸಿದ್ದು. ಅದಕ್ಕಾಗಿ ಶತಮಾನಗಳಿಂದ ಜನ ಬಾಳಿದ ಕೇರಿಗಳನ್ನು ಕೆಡವಲಾಯಿತು, ಅಲ್ಲಿದ್ದವರನ್ನು ಊರಾಚೆಗೆ ಸಾಗಿಸಲಾಯಿತು, ಪ್ರಾಚೀನ ಫೋರಂಗಳ, ಅಂದರೆ ಜನ ಸೇರುತ್ತಿದ್ದ ಚೌಕಗಳ, ಒಂದಷ್ಟು ಭಾಗ ರಸ್ತೆಯ ಅಡಿಯಲ್ಲೇ ಹೂತುಹೋಯಿತು. ಸೈನ್ಯದ ಮೆರವಣಿಗೆ ಹೊರಟಾಗ ಹಿನ್ನೆಲೆಯಲ್ಲಿ ಕೊಲೋಸಿಯಂ ಕಾಣಿಸಬೇಕು ಎಂಬುದು ಅದರ ಹಿಂದಿದ್ದ ಆಸೆ. ಚಿನೆಚಿತ್ತಾ ಸ್ಟುಡಿಯೋ 1937ರಲ್ಲಿ ಶುರುವಾದದ್ದೂ ಅವನ ಆಳ್ವಿಕೆಯಲ್ಲೇ. ಇಷ್ಟೆಲ್ಲ ನೋಡಿದ್ದ ನಿರ್ದೇಶಕರು ಯುದ್ಧ ಮುಗಿದ ಮೇಲೆ ಕಂಬ, ಕಮಾನುಗಳ ಕಡೆಗೆ ಬೆನ್ನು ಮಾಡಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಜರ್ಮನ್ನರ ಹಿಡಿತದಲ್ಲಿದ್ದ ರೋಮ್‌ನ ಕಥೆ ಹೇಳುವ, ರೊಬರ್ತೊ ರೊಸ್ಸೆಲಿನಿಯ ‘ರೋಮ್, ಓಪನ್ ಸಿಟಿ’ಯ ಚಿತ್ರೀಕರಣ ಶುರುವಾದದ್ದು 1945ರ ಜನವರಿಯಲ್ಲಿ. ಜರ್ಮನ್ ಸೈನ್ಯ ನಗರವನ್ನು ಬಿಟ್ಟು ಆಗಿನ್ನೂ ಏಳೆಂಟು ತಿಂಗಳಾಗಿತ್ತಷ್ಟೆ. ಚಿನೆಚಿತ್ತಾದಲ್ಲಿ ನಿರಾಶ್ರಿತರು ಬಿಡಾರ ಹೂಡಿದ್ದರು. ಫಿಲ್ಮ್ ಸಿಗುವುದೇ ದುರ್ಲಭವಾಗಿತ್ತು. ನಟಿ ಅನ್ನಾ ಮಞಾನಿ ಸೈನಿಕರ ಲಾರಿಯ ಹಿಂದೆ ಓಡಿ ಗುಂಡೇಟಿಗೆ ಕುಸಿಯುವ ರಸ್ತೆಗೆ ಯಾವ ಚರಿತ್ರೆಯ ಹೊಳಪೂ ಇಲ್ಲ, ಅದು ಕಾರ್ಮಿಕರು ವಾಸಿಸುವ ಸಾಧಾರಣ ಬೀದಿ. ಊರಿನ ಅತಿ ಪ್ರಸಿದ್ಧ ಗುಮ್ಮಟ ಎದ್ದು ಕಾಣುವುದು ಕೊನೆಯ ದೃಶ್ಯದಲ್ಲಿ. ಪಾದ್ರಿಯನ್ನು ಗುಂಡಿಟ್ಟು ಕೊಂದದ್ದನ್ನು ಬೇಲಿಯಾಚೆಯಿಂದ ಕಂಡ ಹುಡುಗರು ತಲೆ ತಗ್ಗಿಸಿ ದಿಬ್ಬ ಇಳಿದು ಬರುವಾಗ ದೂರದಲ್ಲಿ ಸೇಂಟ್ ಪೀಟರ್ಸ್ ಚರ್ಚಿನ ಆ ಗುಮ್ಮಟ ತೋರುತ್ತದೆ. ಆ ಮಕ್ಕಳಲ್ಲಿ ಒಬ್ಬನೂ ಅದರತ್ತ ಕಣ್ಣೆತ್ತುವುದಿಲ್ಲ.

ಮೂರು ವರ್ಷಗಳ ನಂತರ ಬಂದ ‘ಬೈಸಿಕಲ್ ಥೀವ್ಸ್’ ಅನ್ನು ನಾವು ಬಡತನದ ಚಿತ್ರ, ನವವಾಸ್ತವವಾದದ (ಸಾಮಾನ್ಯರ ಬದುಕನ್ನು ಬೀದಿಗಿಳಿದು ಇದ್ದಂತೆ ತೋರಿಸುವ ಪಂಥದ) ಚಿತ್ರ ಎಂದೇ ಓದಿಕೊಂಡು ಬಂದಿದ್ದೇವೆ. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸಿದಾಗಿನಿಂದ ನಮ್ಮಲ್ಲಿ ಅದಕ್ಕೆ ಆ ಹೆಸರು ಅಂಟಿಕೊಂಡಿದೆ. ನನ್ನ ಕಣ್ಣಿಗೆ ಅದು ರೋಮ್ ನಗರದ ಅತ್ಯಂತ ಸುಂದರ ಚಿತ್ರವೂ ಹೌದು. ಊರಿನ ಉತ್ತರದ ಅಂಚಿನಲ್ಲಿರುವ ವಾಲ್ ಮೆಲೈನಾದ ವಸತಿ ಕಟ್ಟಡದಲ್ಲಿ ವಾಸಿಸುವ ಅಂತೋನಿಯೋಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇದ್ದರೆ ಮಾತ್ರ. ಗಿರವಿಯಲ್ಲಿರುವ ಸೈಕಲ್ ಬಿಡಿಸಿಕೊಳ್ಳಲು ಹೆಂಡತಿ ಮರಿಯಾ ಮಂಚದ ಮೇಲಿನ ಹಾಸುಬಟ್ಟೆಗಳನ್ನೇ ಕಿತ್ತು ತಂದು ಒತ್ತೆ ಇಡುತ್ತಾಳೆ. ಗಿರವಿ ಅಂಗಡಿಯ ಕೆಲಸದವನು ಆ ಗಂಟನ್ನು ಹೊತ್ತು, ಸೂರು ಮುಟ್ಟುವಂಥ ಕಪಾಟುಗಳನ್ನು ಏಣಿಯಂತೆ ಏರುತ್ತ ಏರುತ್ತ ಹೋಗುತ್ತಾನೆ. ಅಲ್ಲಿ ತುಂಬಿರುವುದೆಲ್ಲ ಬೇರೆ ಬೇರೆ ಮನೆಗಳ ಹಾಸುಬಟ್ಟೆಗಳೇ. ಇಡೀ ನಗರ ಹಾಸಿಗೆಯಿಲ್ಲದೆ ಮಲಗಿದೆ ಎಂಬುದನ್ನು ವಿತ್ತೋರಿಯೋ ಡಿ ಸಿಕಾ ಒಂದು ಮಾತೂ ಆಡಿಸದೆ ಹೇಳಿಬಿಡುತ್ತಾರೆ.

ಸೈಕಲ್ ಕಳುವಾದ ಮೇಲೆ ಅಪ್ಪ ಮಗ ಸೇರಿ ಊರನ್ನು ಸುತ್ತುತ್ತಾರಲ್ಲ, ಆ ಸುತ್ತಾಟದಲ್ಲಿ ನಮಗೆ ಸಿಗುವ ರೋಮ್ ಯಾವ ಗೈಡ್ ಜೊತೆ ಹೋದರೂ ಸಿಗುವಂಥದ್ದಲ್ಲ. ಪಿಯಾಝಾ ವಿತ್ತೋರಿಯೋದ ಬೆಳಗಿನ ಸಂತೆಯಲ್ಲಿ ಗಂಟೆ, ಟೈರು, ಬಿಡಿ ಚೌಕಟ್ಟುಗಳ ರಾಶಿ. ಪೋರ್ತಾ ಪೋರ್ತೇಸೆಗೆ ಬರುವಷ್ಟರಲ್ಲಿ ಧೋ ಎಂದು ಮಳೆ, ವ್ಯಾಪಾರಿಗಳು ಸರಕು ಮುಚ್ಚಿಕೊಂಡು ಜಾಗ ಖಾಲಿ ಮಾಡುತ್ತಿದ್ದಾರೆ. ಓಡುವ ಭರದಲ್ಲಿ ಹುಡುಗ ಬ್ರೂನೋ ಜಾರಿ ಬೀಳುತ್ತಾನೆ. ಅಪ್ಪನಿಗೆ ಅದು ಗೊತ್ತೇ ಆಗಿಲ್ಲ. ಗೋಡೆಯ ಮಗ್ಗುಲಲ್ಲಿ ನಿಂತು ಮೈ ಒರೆಸಿಕೊಳ್ಳುವ ಮಗನನ್ನು ಏನಾಯಿತೆಂದು ಅಪ್ಪ ಕೇಳಿದಾಗ ಬಿದ್ದೆ ಎಂದು ಅವನು ಸಿಡುಕುತ್ತಾನೆ. ಅಷ್ಟರಲ್ಲಿ ಜರ್ಮನ್ ಭಾಷೆಯಲ್ಲಿ ಹರಟುವ ಗುರುಮಠದ ವಿದ್ಯಾರ್ಥಿಗಳ ಗುಂಪೊಂದು ಬಂದು ಇವರನ್ನು ಒತ್ತರಿಸಿಕೊಂಡು ನಿಲ್ಲುತ್ತದೆ. ಮಳೆ, ಗುಜರಿ ಸಂತೆ, ಪಾದ್ರಿಗಳಾಗಲಿರುವ ಪರದೇಶಿ ಹುಡುಗರು, ಕೆಲಸ ಕಳೆದುಕೊಳ್ಳಲಿರುವ ಒಬ್ಬ ತಂದೆ: ಎರಡೂವರೆ ಸಾವಿರ ವರ್ಷಗಳ ಊರೊಂದು ಒಂದು ಭಾನುವಾರ ಹೇಗಿರುತ್ತದೆ ಎಂಬುದು ಆ ಒಂದು ಸೂರಿನಡಿ ಬಂದು ನಿಂತಿದೆ. ಅಂತೋನಿಯೋ ಪಾತ್ರ ಮಾಡಿದ ಲಂಬೆರ್ತೊ ಮಾಜೊರಾನಿ ನಿಜಜೀವನದಲ್ಲೂ ಕಾರ್ಖಾನೆಯ ಕೆಲಸಗಾರರು. ಅವರ ನಡಿಗೆಯಲ್ಲೇ ಆ ಊರಿನ ಪರಿಚಯವಿದೆ.

ಹಾಗಾದರೆ ‘ರೋಮನ್ ಹಾಲಿಡೇ’ ಏನು, ಅದು ಪ್ರವಾಸಿ ಕಣ್ಣಿನ ಚಿತ್ರವಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅರಮನೆಯವರ ಕಣ್ಣು ತಪ್ಪಿಸಿ ಊರು ಸುತ್ತುವ ಅದರ ರಾಜಕುಮಾರಿಯ ಬಳಿ ಇರುವುದು ಒಂದೇ ಒಂದು ದಿನ, ಅದೂ ಕದ್ದ ದಿನ, ಅವಳಿಗೂ ಪುರುಸೊತ್ತಿಲ್ಲ. 1953ರ ಈ ಚಿತ್ರವನ್ನು ವಿಲಿಯಂ ವೈಲರ್ ಹಾಲಿವುಡ್‌ನಲ್ಲಿ ಸೆಟ್ ಹಾಕಿ ತೆಗೆಯದೆ, ಇಡಿಯಾಗಿ ರೋಮ್‌ನಲ್ಲೇ ಚಿತ್ರೀಕರಿಸಿದರು. ಸ್ಪ್ಯಾನಿಷ್ ಮೆಟ್ಟಿಲ ಮೇಲೆ ಆಡ್ರೆ ಹೆಪ್‌ಬರ್ನ್ ಐಸ್‌ಕ್ರೀಮ್ ತಿನ್ನುವುದು, ಗ್ರೆಗರಿ ಪೆಕ್ ಕಲ್ಲಿನ ಬಾಯೊಳಗೆ ಕೈಯಿಟ್ಟು ಅವಳನ್ನು ಹೆದರಿಸುವುದು ಎಲ್ಲರಿಗೂ ಬಾಯಿಪಾಠ. ನನಗೆ ಅದಕ್ಕಿಂತ ಇಷ್ಟ ವಿಯಾ ಮಾರ್ಗುತ್ತಾದ 51ನೇ ನಂಬರಿನ ಮನೆ, ಅದರ ಅಂಗಳದಿಂದ ಮೇಲೇರುವ ಮೆಟ್ಟಿಲು, ಪುಟ್ಟ ತಾರಸಿ. ಬಾಡಿಗೆ ಕೊಡಲು ಒದ್ದಾಡುವ ಪತ್ರಕರ್ತನ (ಪೆಕ್‌ನದು ಆ ಪಾತ್ರ) ಆ ಮನೆ ಇಲ್ಲದಿದ್ದರೆ ಉಳಿದ ಸ್ಮಾರಕಗಳು ಆಲ್ಬಂನಲ್ಲಿ ಅಂಟಿಸಿದ ಚಿತ್ರಗಳಾಗಿ ಉಳಿಯುತ್ತಿದ್ದವು. ಅಂದಹಾಗೆ, 2019ರಿಂದ ಆ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕುಳಿತರೆ ದಂಡ. ರಾಜಕುಮಾರಿ ಈಗ ಬಂದಿದ್ದರೆ ಪೊಲೀಸರು ಸೀಟಿ ಊದಿ ಎಬ್ಬಿಸುತ್ತಿದ್ದರು.

ನಿರ್ದೇಶಕ ಫೆಲಿನಿಯ ‘ಲಾ ಡೋಲ್ಚೆ ವೀಟಾ’ದ ಟ್ರೆವಿ ಕಾರಂಜಿಯ ದೃಶ್ಯದ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. 1996ರ ಡಿಸೆಂಬರ್‌ನಲ್ಲಿ ಆ ಚಿತ್ರದ ನಾಯಕನಟ ಮಾರ್ಚೆಲ್ಲೊ ಮಾಸ್ತ್ರೋಯಾನಿ ತೀರಿಕೊಂಡಾಗ ನಗರದವರು ಆ ಕಾರಂಜಿಯ ನೀರು ನಿಲ್ಲಿಸಿ ಕಪ್ಪು ಬಟ್ಟೆ ಹೊದಿಸಿದರು ಎಂಬುದೊಂದನ್ನು ನೆನಪಿಸಿದರೆ ಸಾಕು. ಅದೇ ಚಿತ್ರದಲ್ಲಿ ಕಾಣುವ ವಿಯಾ ವೆನೆತೊ ಬಹುಪಾಲು ಚಿನೆಚಿತ್ತಾದಲ್ಲಿ ಕಟ್ಟಿದ ಸೆಟ್. ನಿಜವಾದ ಬೀದಿ ಇಳಿಜಾರು, ಸೆಟ್ ಸಮತಟ್ಟು. ಫೆಲಿನಿ ರೋಮ್ ಬಗ್ಗೆ ಹೇಳಿದ ಮಾತುಗಳಲ್ಲಿ ನನಗೆ ಹೆಚ್ಚು ನಿಜವೆನ್ನಿಸುವುದು 1972ರ ‘ರೋಮಾ’ದಲ್ಲಿದೆ. ಮೆಟ್ರೋ ಸುರಂಗ ಕೊರೆಯುವವರು ಗೋಡೆಯೊಂದನ್ನು ಒಡೆದಾಗ ಒಳಗೆ ಪ್ರಾಚೀನ ಮನೆ, ಗೋಡೆ ತುಂಬ ಭಿತ್ತಿಚಿತ್ರಗಳು. ಹೊರಗಿನ ಗಾಳಿ ಸೋಕಿದ್ದೇ ತಡ, ಅವು ನೋಡನೋಡುತ್ತಲೇ ಮಾಸಿಹೋಗುತ್ತವೆ. ದೃಶ್ಯ ಕಲ್ಪಿತ, ಸಂಕಟ ಕಲ್ಪಿತವಲ್ಲ. ಅಲ್ಲಿನ ಮೂರನೇ ಮೆಟ್ರೋ ಮಾರ್ಗದ ಕೆಲಸ ಅಗೆದಲ್ಲೆಲ್ಲ ಪುರಾತನ ಅವಶೇಷ ಸಿಕ್ಕು ವರ್ಷಗಟ್ಟಲೆ ಕುಂಟಿದೆ. 2018ರಲ್ಲಿ ತೆರೆದ ಸಾನ್ ಜೊವಾನ್ನಿ ನಿಲ್ದಾಣದಲ್ಲಿ ಹಾಗೆ ಸಿಕ್ಕ ವಸ್ತುಗಳನ್ನೇ ಜೋಡಿಸಿಟ್ಟಿದ್ದಾರೆ.

ಇಷ್ಟಾದರೂ ಒಂದೇ ಚಿತ್ರ ಆರಿಸು ಎಂದರೆ ನಾನು ಎತ್ತೊರೆ ಸ್ಕೋಲಾರ 1977ರ ‘ಎ ಸ್ಪೆಷಲ್ ಡೇ’ ಕಡೆಗೆ ಬೆರಳು ತೋರಿಸುತ್ತೇನೆ. ಹಿಟ್ಲರ್ 1938ರ ಮೇ ತಿಂಗಳಲ್ಲಿ ರೋಮ್‌ಗೆ ಬಂದಾಗಿನ ಸುದ್ದಿಚಿತ್ರದಿಂದಲೇ ಅದು ಶುರುವಾಗುತ್ತದೆ: ಬಾವುಟ, ಸೆಲ್ಯೂಟ್, ಮೆರವಣಿಗೆ. ಆಮೇಲೆ ಕ್ಯಾಮೆರಾ ಮೆರವಣಿಗೆಯನ್ನು ಬಿಟ್ಟು, ನಾನೂರಕ್ಕೂ ಹೆಚ್ಚು ಮನೆಗಳಿರುವ ಪಲಾತ್ಸೊ ಫೆದೆರೀಚಿ ಎಂಬ ಬೃಹತ್ ವಸತಿ ಸಮುಚ್ಚಯದ ಅಂಗಳಕ್ಕೆ ಬರುತ್ತದೆ. ನಸುಕಿನಲ್ಲಿ ಒಂದೊಂದೇ ಕಿಟಕಿಯ ದೀಪ ಹತ್ತಿಕೊಳ್ಳುತ್ತಿರುವಾಗ ಒಂದು ಕಿಟಕಿಯಿಂದ ನಿಧಾನವಾಗಿ ಒಳನುಸುಳಿ, ಆರು ಮಕ್ಕಳ ತಾಯಿಯೊಬ್ಬಳ ಬೆನ್ನು ಹತ್ತುತ್ತದೆ. ಊರಿಗೆ ಊರೇ ಮೆರವಣಿಗೆಗೆ ಹೋದ ಮೇಲೆ ಕಟ್ಟಡದಲ್ಲಿ ಉಳಿಯುವವರು ಸೊಫಿಯಾ ಲೊರೆನ್, ಎದುರು ಮನೆಯಲ್ಲಿ ಮಾಸ್ತ್ರೋಯಾನಿ, ಜೊತೆಗೊಬ್ಬ ಕಾವಲುಗಾತಿ. ಮಾಸ್ತ್ರೋಯಾನಿಯದು ಸಲಿಂಗಕಾಮಿ ಎಂಬ ಕಾರಣಕ್ಕೆ ರೇಡಿಯೋದ ಕೆಲಸ ಕಳೆದುಕೊಂಡು ಗಡಿಪಾರಿಗೆ ಕಾಯುತ್ತಿರುವ ಪಾತ್ರ. ರೋಮ್‌ನ ವೈಭವವೆಲ್ಲ ಅವರಿಗೂ ನಮಗೂ ತಲುಪುವುದು ಕಾವಲುಗಾತಿಯ ರೇಡಿಯೋ ಕಿರುಚಾಟದಲ್ಲಿ ಮಾತ್ರ. ತಾರಸಿಯಲ್ಲಿ ಒಣಗಿದ ಬಟ್ಟೆಗಳನ್ನು ಇಬ್ಬರೂ ಸೇರಿ ಮಡಚುವಾಗ, ಅವನು ತಮಾಷೆಗೆ ಅವಳಿಗೆ ಹಾಸುಬಟ್ಟೆ ಮುಸುಕು ಹಾಕುತ್ತಾನೆ. ಆ ಊರಿನ ಬಿಸಿಲು ಎಂಥದ್ದು ಎಂಬುದು ನನಗೆ ಗೊತ್ತಾದದ್ದು ಬಣ್ಣ ತಗ್ಗಿಸಿದ ಆ ಚಿತ್ರದ ಆ ತಾರಸಿಯಲ್ಲಿ.

ಸೊರೆಂಟಿನೊ ನಿರ್ದೇಶನದ ‘ದ ಗ್ರೇಟ್ ಬ್ಯೂಟಿ’ (2013) ಈ ವಾದಕ್ಕೆ ಅಡ್ಡಬರುವ ಚಿತ್ರ. ಅದು ನಾಚಿಕೆಯಿಲ್ಲದೆ ಸೌಂದರ್ಯವನ್ನು ತೋರಿಸುತ್ತದೆ, ಹೌದು. ಆದರೆ ಮೊದಲ ದೃಶ್ಯದಲ್ಲೇ ಜನಿಕುಲಮ್ ಗುಡ್ಡದಿಂದ ನಗರದ ಫೋಟೋ ತೆಗೆಯುತ್ತಿದ್ದ ಜಪಾನಿ ಪ್ರವಾಸಿಯೊಬ್ಬ ಕುಸಿದು ಸಾಯುತ್ತಾನೆ ಎಂಬುದನ್ನು ಮರೆಯುವಂತಿಲ್ಲ. ನಿರ್ದೇಶಕನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿದೆ. ಗೊತ್ತಿಲ್ಲದವರ ಚಿತ್ರಗಳಲ್ಲಿ ರೋಮ್‌ಗೆ ಆಗುವ ಗತಿ, ನಮ್ಮ ಹಾಡುಗಳಲ್ಲಿ ಹಂಪಿಯ ಕಲ್ಲಿನ ರಥಕ್ಕೆ ಆಗುವ ಗತಿಯೇ: ಒಂದು ಚರಣದಷ್ಟು ಹೊತ್ತು ಹಿಂದೆ ನಿಂತು, ಮುಂದಿನ ಚರಣಕ್ಕೆ ಮಾಯ.

ಈ ಬೇಸಿಗೆಯಲ್ಲಿ ಇಟಲಿಗೆ ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾನ್ನಿ ಮೊರೆತ್ತಿಯ ‘ಡಿಯರ್ ಡೈರಿ’ (1993) ಚಿತ್ರದ ಮೊದಲ ಭಾಗವನ್ನಾದರೂ ನೋಡಿಕೊಂಡು ಹೋಗಿ. ಆಗಸ್ಟ್ ತಿಂಗಳ ಖಾಲಿ ರೋಮ್‌ನಲ್ಲಿ ನಿರ್ದೇಶಕ ಮೊರೆತ್ತಿ ತಾವೇ ವೆಸ್ಪಾ ಸ್ಕೂಟರ್ ಏರಿ, ಕಂಡ ಕಂಡ ಬಡಾವಣೆಯ ಮನೆಗಳನ್ನು ತಲೆಯೆತ್ತಿ ನೋಡುತ್ತ ಸುತ್ತುತ್ತಾರೆ. ಎಲ್ಲಕ್ಕಿಂತ ಮೆಚ್ಚು ಎಂದು ಹೇಳಿಕೊಳ್ಳುವುದು 1920ರಲ್ಲಿ ಕಾರ್ಮಿಕರಿಗಾಗಿ ಕಟ್ಟಲು ಶುರುಮಾಡಿದ ಗಾರ್ಬಾತೆಲ್ಲಾವನ್ನು. ಮೆಟ್ರೋ ಬಿ ಮಾರ್ಗದಲ್ಲಿ ಕೊಲೋಸಿಯಂ ನಿಲ್ದಾಣ ದಾಟಿ ಮೂರನೆಯದು ಅದು. ಅಲ್ಲಿಳಿದು ಅಂಗಳಗಳ ಒಳಗೆ ಇಣುಕುವಾಗ ಯಾರಾದರೂ ಏನು ಬೇಕಿತ್ತು ಎಂದು ಕೇಳಿದರೆ ಮೊರೆತ್ತಿ ಕೊಡುವ ನೆಪವನ್ನೇ ಕೊಡಿ: ಸಿನಿಮಾಕ್ಕೆ ಜಾಗ ಹುಡುಕುತ್ತಿದ್ದೇನೆ, ಕಥೆ 1950ರ ದಶಕದ ಟ್ರಾಟ್‌ಸ್ಕಿವಾದಿ ಬೇಕರಿಯವನೊಬ್ಬನದು.