ವಡೆ ತಪ್ಪಿಸಿದ ಹೆದ್ದಾರಿ

ಮೂರು ದಿನ ಒಟ್ಟಿಗೆ ರಜೆ ಬಂದರೆ ಬೆಂಗಳೂರಿನವರು ಮಾಡುವ ಮೊದಲ ಕೆಲಸ ಊರು ಬಿಡುವುದು. ಎರಡನೆಯ ಕೆಲಸ, ತಮ್ಮಂತೆಯೇ ಊರು ಬಿಡಲು ಹೊರಟ ಉಳಿದವರನ್ನೆಲ್ಲ ಶಪಿಸುತ್ತ ಸಿಗ್ನಲ್ಲಿನಲ್ಲಿ ಕೂರುವುದು. ಈ ಸಲ ನಮ್ಮ ಮನೆಯಲ್ಲಿ ಸ್ವಲ್ಪ ಬೇರೆ ರೀತಿ ಯೋಚಿಸಿದೆವು. ಮೈಸೂರಿಗೆ ಓಡಿಹೋಗಿ ಅರಮನೆಯನ್ನೂ ಮೃಗಾಲಯವನ್ನೂ ನೋಡಿ ಬರುವುದು ಎಲ್ಲರೂ ಮಾಡುವ ಪ್ರವಾಸ. ನಾವು ದಾರಿಯನ್ನೇ ನೋಡೋಣ, ದಾರಿಯಲ್ಲಿ ಸಿಗುವ ಪ್ರತಿ ಊರಿನಲ್ಲೂ ಇಳಿದು, ಅಲ್ಲಿನದನ್ನು ತಿಂದು, ಅಲ್ಲಿನದನ್ನು ಕೊಂಡು, ಮೈಸೂರು ತಲುಪಿದರೂ ಸರಿ, ತಲುಪದಿದ್ದರೂ ಸರಿ ಎಂದು ತೀರ್ಮಾನಿಸಿದೆವು. ಕೇಳುವುದಕ್ಕೆ ಬಹಳ ಸೊಗಸಾಗಿತ್ತು.

ಪಟ್ಟಿ ಮಾಡುವ ಹೊಣೆಯನ್ನು ಮಗಳು ಹೊತ್ತಳು. ಮೊಬೈಲಿನ ನಕ್ಷೆಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ರಾಮದೇವರ ಬೆಟ್ಟದ ರಣಹದ್ದು, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಚನ್ನಪಟ್ಟಣದ ಬೊಂಬೆ, ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಮದ್ದೂರಿನ ವಡೆ, ಮಂಡ್ಯದ ಆಲೆಮನೆ, ಶ್ರೀರಂಗಪಟ್ಟಣದ ದರಿಯಾ ದೌಲತ್ ಎಂದು ಒಂದೊಂದಕ್ಕೂ ಬೇರೆ ಬಣ್ಣದ ಗುರುತು ಹಾಕಿ, ಎಲ್ಲವನ್ನೂ ಜೋಡಿಸುವ ಒಂದು ನೀಲಿ ಗೆರೆ ಎಳೆದಳು. ಅಮ್ಮನಿಗೆ ನಕ್ಷೆಯ ಅಗತ್ಯವಿರಲಿಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಹಬ್ಬಕ್ಕೂ ಬಾಣಂತನಕ್ಕೂ ಮಂಡ್ಯದ ತವರಿಗೆ ಕೆಂಪು ಬಸ್ಸಿನಲ್ಲಿ ಓಡಾಡಿದ ಅವರು ಆ ರಸ್ತೆಯ ಉದ್ದವನ್ನು ಇಂದಿಗೂ ಬಸ್ಸು ನಿಲ್ಲುತ್ತಿದ್ದ ಜಾಗಗಳಿಂದಲೇ ಅಳೆಯುತ್ತಾರೆ. ಬಿಡದಿಯೆಂದರೆ ಕಿಟಕಿಯೊಳಗೆ ಕೈ ತೂರಿಸುವ ಸೌತೆಕಾಯಿಯವನು. ರಾಮನಗರವೆಂದರೆ ರೇಷ್ಮೆಗೂಡಿನ ಚೀಲದ ಜೊತೆ ಹತ್ತುವ ವಾಸನೆ. ಚನ್ನಪಟ್ಟಣವೆಂದರೆ ನಾನು ಹಟ ಹಿಡಿದು ಕೊಡಿಸಿಕೊಂಡ ಮರದ ಗಿಲಕಿ. ಮದ್ದೂರೆಂದರೆ ‘ಹತ್ತು ನಿಮಿಷ ಟೈಮಿದೆ’ ಎಂದು ಕಂಡಕ್ಟರ್ ಕೂಗಿದ ಕೂಡಲೇ ಅಪ್ಪ ಇಳಿದು ಓಡಿ, ಬಸ್ಸು ಹೊರಟೇಬಿಟ್ಟಿತು ಎನ್ನುವಾಗ ಎಣ್ಣೆ ಸೋಕಿದ ಪೊಟ್ಟಣ ಹಿಡಿದು ಫುಟ್‌ಬೋರ್ಡಿಗೆ ಜಿಗಿಯುವುದು. ಎರಡು ಪಟ್ಟಿಗಳನ್ನೂ ಇಟ್ಟುಕೊಂಡು ಶನಿವಾರ ಬೆಳಿಗ್ಗೆ ಬಾಣಸವಾಡಿಯಿಂದ ಹೊರಟೆವು.

ಬಾಣಸವಾಡಿಯಿಂದ ಕೆಂಗೇರಿಯವರೆಗಿನ ಭಾಗವನ್ನು ಮಗಳು ಪಟ್ಟಿಗೆ ಸೇರಿಸಿರಲಿಲ್ಲ. ಅದು ದೊಡ್ಡ ತಪ್ಪು, ಏಕೆಂದರೆ ಅಂದು ನಾವು ಮನದಣಿಯೆ ನೋಡಿದ್ದೆಲ್ಲ ಇದ್ದದ್ದು ಅಲ್ಲಿಯೇ. ವಿಧಾನಸೌಧದ ಮುಂದೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಓದಿ, ಅಕ್ಷರಗಳನ್ನು ಎಣಿಸಿ ಮುಗಿಸುವಷ್ಟು ಬಿಡುವು ಮಗಳಿಗೆ ಸಿಕ್ಕಿತು. ದೇವರ ಕೆಲಸವಾದ್ದರಿಂದ ಭಕ್ತರು ಸಾಲಿನಲ್ಲಿ ಕಾಯುವುದು ಸಹಜವೆಂದು ನಾನು ವಿವರಿಸಿದೆ. ಕಾರ್ಪೊರೇಷನ್ ವೃತ್ತದ ಬಳಿ ಚಕ್ರವೊಂದು ಹಳ್ಳಕ್ಕೆ ಇಳಿದಾಗ ನನ್ನ ಹೆಂಡತಿ, ‘ಇದು ಯಾವ ಪಾಲಿಕೆಯ ಹಳ್ಳ ರೀ?’ ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. 2025ರ ಸೆಪ್ಟೆಂಬರಿನಿಂದ ಈ ನಗರಕ್ಕೆ ಒಂದರ ಬದಲು ಐದು ಪಾಲಿಕೆಗಳಿವೆ. ಹಳ್ಳಕ್ಕೆ ಬಿದ್ದವನು ಯಾರನ್ನು ಬೈಯಬೇಕೆಂದು ನಿರ್ಧರಿಸುವ ಮೊದಲು ವಾರ್ಡಿನ ಗಡಿಯನ್ನು ಅಧ್ಯಯನ ಮಾಡಬೇಕು. ಇಂಥ ಅಧ್ಯಯನಕ್ಕೆ ಅನುಕೂಲವಾಗಲೆಂದೇ ಇರಬೇಕು, 250 ಮೀಟರ್ ಎತ್ತರದ ಸ್ಕೈಡೆಕ್ ಒಂದನ್ನು ಸುಮಾರು 500 ಕೋಟಿ ರೂಪಾಯಿಯಲ್ಲಿ ಕಟ್ಟಲು 2024ರಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅದು ಎದ್ದು ನಿಂತ ದಿನ, ಕೆಳಗೆ ನಿಂತಿರುವ ನಮ್ಮನ್ನು ಮೇಲಿನಿಂದ ನೋಡುವ ಭಾಗ್ಯ ಪ್ರವಾಸಿಗರದ್ದು.

ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ವ್ಯಾಪಾರವೂ ಆಯಿತು. ಸೊಳ್ಳೆ ಬ್ಯಾಟು, ಕಾರು ಒರೆಸುವ ಹಳದಿ ಬಟ್ಟೆ, ಮೊಬೈಲ್ ಸಿಕ್ಕಿಸುವ ಕೊಕ್ಕೆ, ಕಿವಿಗೆ ಹಾಕುವ ಹತ್ತಿಕಡ್ಡಿ, ಗುಲಾಬಿ ಹೂವು ಎಲ್ಲವೂ ಕಿಟಕಿಯ ಬಳಿಗೇ ಬಂದವು. ಅಮ್ಮ ಸೊಳ್ಳೆ ಬ್ಯಾಟಿಗೆ ಚೌಕಾಸಿ ಆರಂಭಿಸಿ, ‘ಬೇಡ ಹೋಗಪ್ಪ’ ಎಂದು ಮುಖ ತಿರುಗಿಸಿ, ಅವನು ಹೋಗಿ ಮತ್ತೆ ಬಂದು, ಬೆಲೆ ಕುದುರಿ, ಚಿಲ್ಲರೆ ವಾಪಸು ಪಡೆದು, ಗುಂಡಿ ಒತ್ತಿ ಕಿಡಿ ಬರುತ್ತದೆಯೇ ಎಂದು ಪರೀಕ್ಷಿಸಿದ ಮೇಲೂ ಸಿಗ್ನಲ್ ಕೆಂಪಾಗಿಯೇ ಇತ್ತು. ಮುಂದೆ ನಾಯಂಡಹಳ್ಳಿಯಲ್ಲಿ ಕಣ್ಣು ಮುಚ್ಚಿದ್ದರೂ ಗುರುತಿಸಬಹುದಾದ ಹೆಗ್ಗುರುತು ಎದುರಾಯಿತು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂದು ಹಿರಿಯರು ಹೇಳುವ ವೃಷಭಾವತಿ, ನಮ್ಮೆಲ್ಲರ ಸ್ನಾನಗೃಹಗಳ ಕಾಣಿಕೆಯನ್ನು ಸ್ವೀಕರಿಸಿ, ಕಾರಿನ ಗಾಜು ಏರಿಸಿದ್ದರೂ ಒಳಗೆ ಬಂದು ಮಾತನಾಡಿಸಿದಳು. ಕೆಂಗೇರಿ ದಾಟುವ ಹೊತ್ತಿಗೆ ಮನೆ ಬಿಟ್ಟು ಎರಡು ಗಂಟೆಗೆ ಹತ್ತು ನಿಮಿಷ ಕಡಿಮೆಯಾಗಿತ್ತು.

ಆಮೇಲೆ ಹೆದ್ದಾರಿ ಬಂತು. ಇದರ ಬಗ್ಗೆ ಹಗುರವಾಗಿ ಮಾತನಾಡುವುದು ಸಲ್ಲದು. 118 ಕಿಲೋಮೀಟರ್ ಉದ್ದ, ಸೇವಾ ರಸ್ತೆ ಸೇರಿ ಹತ್ತು ಪಥ, 2023ರ ಮಾರ್ಚ್ 12ರಂದು ಪ್ರಧಾನಿಯವರಿಂದ ಉದ್ಘಾಟನೆ. ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯಿತೆಂದು ಅಂದು ಸಾರಲಾಯಿತು. ಆ 75 ನಿಮಿಷ ಶುರುವಾಗುವ ಜಾಗಕ್ಕೆ ತಲುಪಲು ಬಾಣಸವಾಡಿಯವನಿಗೆ 110 ನಿಮಿಷ ಬೇಕೆಂಬುದು ನನ್ನ ವೈಯಕ್ತಿಕ ದೌರ್ಬಲ್ಯ, ಅದಕ್ಕೆ ರಸ್ತೆ ಹೊಣೆಯಲ್ಲ. ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಲೆಕ್ಕ. ಈ 118ರಲ್ಲಿ 52 ಕಿಲೋಮೀಟರುಗಳು ಐದು ಬೈಪಾಸುಗಳಿಗೆ ಸೇರಿವೆ: ಬಿಡದಿಗೆ ಒಂದು, ರಾಮನಗರ ಮತ್ತು ಚನ್ನಪಟ್ಟಣಕ್ಕೆ ಸೇರಿ ಒಂದು, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಒಂದೊಂದು. ಮಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಒಂದು ಊರೂ ಕೈತಪ್ಪಿ ಕಣ್ಣಿಗೆ ಬೀಳದಂತೆ ಯಾರೋ ಶ್ರದ್ಧೆಯಿಂದ ರಸ್ತೆ ಬಿಡಿಸಿದಂತಿದೆ.

ಹಾಗಾದರೆ ಇಳಿಯುವ ದಾರಿ ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಇತ್ತು, ಹಸಿರು ಫಲಕ, ಬಿಳಿ ಅಕ್ಷರ, ಎಡಕ್ಕೆ ಬಾಣ. ಆದರೆ ಟೋಲ್ ಕಟ್ಟಿದ ಮನುಷ್ಯನ ಮನಃಸ್ಥಿತಿ ಬೇರೆ. ಹಣ ಕೊಟ್ಟಿರುವುದು ಓಡುವುದಕ್ಕೆ, ನಿಂತರೆ ನಷ್ಟ. ಬಿಡದಿಯ ಫಲಕ ಕಂಡಾಗ, ‘ಊರೊಳಗೇ ಇಷ್ಟು ಹೊತ್ತಾಯಿತು, ಇಡ್ಲಿ ಬರುವಾಗ ತಿನ್ನೋಣ’ ಎಂದು ನಾನೇ ಹೇಳಿದೆ. ರಾಮನಗರದಲ್ಲಿ ರಣಹದ್ದು ಮೊದಲೋ ಜಾನಪದ ಲೋಕ ಮೊದಲೋ ಎಂದು ಗಂಡ ಹೆಂಡಿರ ಚರ್ಚೆ ಮುಗಿಯುವ ಮೊದಲೇ ತಿರುವು ಹಿಂದೆ ಹೋಗಿತ್ತು. ಹಿಂದಿ ಸಿನಿಮಾದ ಡಕಾಯಿತ ಕೂತು ಗುಡುಗಿದ ಬಂಡೆಗಳು ದೂರದಲ್ಲಿ ಒಂದು ಕ್ಷಣ ತಲೆಯೆತ್ತಿ ಮರೆಯಾದವು. ಹಾಲೆ ಮರಕ್ಕೆ ಅರಗಿನ ಬಣ್ಣ ಹಿಡಿಸುವ ಚನ್ನಪಟ್ಟಣದ ಬೊಂಬೆಯವರು ರಸ್ತೆಬದಿಯಲ್ಲಿ ಸಾಲಾಗಿ ಅಂಗಡಿ ಹಾಕಿಕೊಂಡಿದ್ದದ್ದು ಹಳೆಯ ರಸ್ತೆಯಲ್ಲಿ. ಹೊಸ ರಸ್ತೆಗೆ ಬೇಲಿಯಿದೆ, ಬದಿಯಿಲ್ಲ.

ಈ ನಡುವೆ ಆಡಳಿತಾತ್ಮಕವಾದ ಒಂದು ವಿಸ್ಮಯವನ್ನೂ ದಾಖಲಿಸಬೇಕು. ಊರಿನ ಎಲ್ಲೆಯನ್ನು ಸೂಚಿಸುವ ಕೆಂಪೇಗೌಡರ ಗೋಪುರಗಳಲ್ಲಿ ಒಂದು ಲಾಲ್‌ಬಾಗಿನಲ್ಲಿದೆ, ಇನ್ನೊಂದು ಮೇಖ್ರಿ ವೃತ್ತದ ಬಳಿಯಿದೆ. ಅಲ್ಲಿಂದಾಚೆ ಕಾಡು ಎಂಬ ಕಾಲವದು. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಂಪುಟ ತೀರ್ಮಾನಿಸಿದ ಮೇಲೆ, ಬೆಂಗಳೂರು ಬಿಟ್ಟು ಹೊರಟವನು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ದಾಟುವವರೆಗೂ ಬೆಂಗಳೂರೆಂಬ ಹೆಸರಿನ ಜಿಲ್ಲೆಗಳಲ್ಲೇ ಇರುತ್ತಾನೆ. ರಾಮದೇವರ ಬೆಟ್ಟದ ರಣಹದ್ದುಗಳು ಮನೆ ಬದಲಿಸದೆಯೇ ಬೆಂಗಳೂರಿನ ನಿವಾಸಿಗಳಾಗಿವೆ. ಮುಂದೆ ಅವುಗಳಿಗೂ ಬಾಡಿಗೆ ಏರಬಹುದು. ಈ ಲೆಕ್ಕದಲ್ಲಿ ನಾವು ನಿಜವಾಗಿ ಬೆಂಗಳೂರು ಬಿಟ್ಟೆವು ಎನ್ನಬಹುದಾದ ಮೊದಲ ಜಾಗ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು. ಅಲ್ಲಾದರೂ ನಿಲ್ಲಲೇಬೇಕೆಂದು ಅಮ್ಮ ಮೊದಲೇ ಕಟ್ಟಪ್ಪಣೆ ಮಾಡಿದ್ದರು.

ಮದ್ದೂರಿನ ಫಲಕ ಕಂಡಾಗ ನಾನು ಬಲಗಡೆಯ ಪಥದಲ್ಲಿದ್ದೆ. ಎಡಕ್ಕೆ ಸಿಮೆಂಟಿನ ಲಾರಿಯೊಂದು, ಅದರ ಹಿಂದೆ ದೀಪ ಮಿಣುಕಿಸುವ ಕಪ್ಪು ಕಾರೊಂದು. ಮೇಲೆ ಕಂಬದಲ್ಲಿ ವೇಗ ಅಳೆಯುವ ಕ್ಯಾಮೆರಾ. ಮಿತಿ 100, ನನ್ನ ಮುಳ್ಳು 98ರಲ್ಲಿ. ಮಗಳು ‘ಅಪ್ಪಾ, ಎಡಕ್ಕೆ, ಎಡಕ್ಕೆ’ ಎಂದು ಕಿರುಚಿದಳು, ಹೆಂಡತಿ ‘ಬೇಡ ರೀ, ಲಾರಿ’ ಎಂದಳು, ನಾನು ಎರಡೂ ಮಾತಿಗೆ ಬೆಲೆ ಕೊಟ್ಟು ನೇರವಾಗಿ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಮ್ಮ ಕಣ್ಣು ಬಿಟ್ಟು, ಸೆರಗು ಸರಿಮಾಡಿಕೊಂಡು ಕೇಳಿದರು:

‘ಮದ್ದೂರು ಯಾವಾಗ ಬರತ್ತೋ?’

‘ಬಂದು ಹೋಯ್ತಮ್ಮ.’

‘ಯಾವಾಗ ಬಂತು? ಬಸ್ಸೇ ನಿಲ್ಲಲಿಲ್ಲವಲ್ಲ?’

ಮದ್ದೂರು ವಡೆಯ ಹುಟ್ಟಿನ ಕಥೆ ಈ ಭಾಗದವರಿಗೆಲ್ಲ ಗೊತ್ತು. 1917ರ ಸುಮಾರಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದವರೊಬ್ಬರು, ಪಕೋಡ ತಯಾರಾಗುವ ಮುನ್ನವೇ ರೈಲು ಬಂದು ನಿಂತಿತೆಂದು, ಈರುಳ್ಳಿ ಬೆರೆಸಿದ ಹಿಟ್ಟನ್ನು ಅವಸರದಲ್ಲಿ ತಟ್ಟಿ ಎಣ್ಣೆಗೆ ಬಿಟ್ಟು ಕೊಟ್ಟರಂತೆ. ಅಂದರೆ, ಗಾಡಿಯೊಂದು ನಿಲ್ಲುತ್ತಿತ್ತು ಎಂಬ ಒಂದೇ ಕಾರಣಕ್ಕೆ ಕರ್ನಾಟಕಕ್ಕೆ ಒಂದು ವಡೆ ದಕ್ಕಿತು. ತಟ್ಟೆ ಇಡ್ಲಿಯ ಮೇಲೆ ಬೆಣ್ಣೆ ಕರಗಿದ್ದು, ಬೊಂಬೆಗಳು ಅಂಗಡಿಯ ಮುಂದೆ ತೂಗಾಡಿದ್ದು, ಆಲೆಮನೆಯವನು ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಕೊಟ್ಟದ್ದು, ಎಲ್ಲವೂ ಗಾಡಿ ನಿಲ್ಲಿಸಿದವರಿಗಾಗಿ. ಈ ರಸ್ತೆಯ ಹೆಮ್ಮೆಯಾದರೋ ಯಾರೂ ನಿಲ್ಲಬೇಕಿಲ್ಲ ಎಂಬುದೇ. ಆ ಹೆಮ್ಮೆ ಎಷ್ಟೆಂದರೆ, ಉದ್ಘಾಟನೆಯಾದ ಕಾಲದಲ್ಲಿ ದಾರಿಯುದ್ದಕ್ಕೂ ಒಂದು ಶೌಚಾಲಯವಾಗಲಿ, ವಿಶ್ರಾಂತಿ ತಾಣವಾಗಲಿ ಇಲ್ಲವೆಂದು ಜನ ದೂರಿದರು. 75 ನಿಮಿಷ ತಡೆದುಕೊಳ್ಳಲಾಗದವರು ಇಂಥ ರಸ್ತೆಗೆ ಯೋಗ್ಯರಲ್ಲವೆಂದು ಯೋಜಕರು ಭಾವಿಸಿದ್ದಿರಬೇಕು. ಇತ್ತ ಟೌನ್‌ಹಾಲಿನ ಮುಂದೆ ಯಾರಿಗೂ ನಿಲ್ಲುವ ಮನಸ್ಸಿರಲಿಲ್ಲ, ಅಲ್ಲಿ ನಿಂತಷ್ಟು ಹೊತ್ತು ನಾನು ಯಾವ ದೇವಸ್ಥಾನದಲ್ಲೂ ನಿಂತವನಲ್ಲ. ಮುಂದೊಂದು ದಿನ ಹೊಸ ತಿಂಡಿಯೊಂದು ಹುಟ್ಟುವುದಾದರೆ ನಗರದ ಸಿಗ್ನಲ್ಲಿನಲ್ಲೇ ಹುಟ್ಟೀತು. ಸದ್ಯಕ್ಕೆ ಅಲ್ಲಿ ಸೊಳ್ಳೆ ಬ್ಯಾಟು ಮಾತ್ರ ಸಿಗುತ್ತದೆ.

ಮಂಡ್ಯ, ಶ್ರೀರಂಗಪಟ್ಟಣಗಳ ವಿಷಯ ಬೆಳೆಸುವುದಿಲ್ಲ. ಅವೂ ಫಲಕದಲ್ಲಿ ಬಂದು ಫಲಕದಲ್ಲೇ ಹೋದವು. ಹೋಗಬೇಕೆಂದೇ ಇರದಿದ್ದ ಮೈಸೂರನ್ನು ನಾವು ಹನ್ನೊಂದು ಗಂಟೆಗೆ ತಲುಪಿ, ಅಲ್ಲಿ ಮಾಡುವುದಕ್ಕೆ ಏನೂ ಇಲ್ಲದೆ ಊರಂಚಿನ ಹೋಟೆಲೊಂದರಲ್ಲಿ ಕುಳಿತೆವು. ತಿಂಡಿಪಟ್ಟಿಯಲ್ಲಿ ಮೊದಲ ಹೆಸರು ‘ಸ್ಪೆಷಲ್ ಬಿಡದಿ ತಟ್ಟೆ ಇಡ್ಲಿ’. ನಮ್ಮ ಬಾಣಸವಾಡಿಯ ಮೂಲೆಯ ದರ್ಶಿನಿಯಲ್ಲೂ ಅದೇ ಫಲಕವಿದೆ. ಬಿಡದಿಯ ಇಡ್ಲಿ ಬಿಡದಿಯ ಪೂರ್ವಕ್ಕೂ ಪಶ್ಚಿಮಕ್ಕೂ ಸಿಗುತ್ತದೆ, ಹೆದ್ದಾರಿಯ ಪ್ರಯಾಣಿಕನಿಗೆ ಸಿಗದಿರುವುದು ಬಿಡದಿ ಮಾತ್ರ. ಬರುವಾಗ ಖಂಡಿತ ನಿಲ್ಲೋಣವೆಂದುಕೊಂಡಿದ್ದೆವು. ಬರುವಾಗ ಕತ್ತಲಾಯಿತು, ಟೋಲ್ ಮತ್ತೆ ಕಟ್ಟಿದ್ದೆವು, ಕೆಂಗೇರಿಯ ಈಚೆ ಕಾದಿರುವ ಸಾಲಿನ ಭಯವೂ ಇತ್ತು.

ರಾತ್ರಿ ಮನೆಯಲ್ಲಿ ಮಗಳು ಪ್ರವಾಸದ ಚಿತ್ರಗಳನ್ನು ತೋರಿಸಿದಳು: ಬಿಡದಿಯ ಹಸಿರು ಫಲಕ, ರಾಮನಗರದ ಹಸಿರು ಫಲಕ, ಚನ್ನಪಟ್ಟಣದ ಅರ್ಧ ಫಲಕ, ಮದ್ದೂರಿನ ಫಲಕದ ಕಂಬ. ನನ್ನ ಮೊಬೈಲಿನಲ್ಲಿ ಫಾಸ್ಟ್ಯಾಗಿನ ಸಂದೇಶಗಳಿದ್ದವು. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಲ್ಲಿ ಹಾದುಹೋದೆವೆಂಬ ಆ ದಾಖಲೆ ಮಗಳ ಚಿತ್ರಗಳಿಗಿಂತ ವಿವರವಾಗಿತ್ತು. ಅಷ್ಟರಲ್ಲಿ ಕರೆಗಂಟೆ ಬಾರಿಸಿತು. ಮೇಲಿನ ಮನೆಯ ಹುಡುಗ, ಹೆಗಲ ಚೀಲ, ಕೈಯಲ್ಲಿ ಹೆಲ್ಮೆಟ್ಟು, ಮುಖದ ತುಂಬ ಧೂಳು. ಗೆಳೆಯನ ಜೊತೆ ಸ್ಕೂಟರಿನಲ್ಲಿ ಮಂಡ್ಯದವರೆಗೆ ಹೋಗಿಬಂದೆನೆಂದು ಹೇಳಿ, ಎಣ್ಣೆ ಸೋಕಿದ ಪತ್ರಿಕೆಯ ಪೊಟ್ಟಣವೊಂದನ್ನು ಅಮ್ಮನ ಕೈಗಿಟ್ಟ. ಅಮ್ಮ ಪೊಟ್ಟಣ ಬಿಚ್ಚಿ, ಕರಿಬೇವು ಅಂಟಿದ್ದ ಅಂಚನ್ನು ಮುರಿದು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ.

‘ನಾವೂ ಅದೇ ದಾರೀಲಿ ಹೋಗಿದ್ವಲ್ಲಪ್ಪ, ನಿನಗೆ ಹೇಗೆ ಸಿಕ್ತು?’

‘ಸ್ಕೂಟರಿನವರಿಗೆ ಹೈವೇ ಬಂದ್ ಮಾಡಿ ಎಷ್ಟೋ ವರ್ಷ ಆಯ್ತಲ್ಲ ಅಜ್ಜಿ, ಆಟೋ, ಟ್ರ್ಯಾಕ್ಟರು, ಎತ್ತಿನಗಾಡಿ ಯಾವುದನ್ನೂ ಬಿಡಲ್ಲ,’ ಎಂದು ಅವನು ನಾಚಿಕೆಯಿಂದ ಹೇಳಿದ. ‘ಬೇರೆ ದಾರಿ ಇಲ್ಲದೆ ಊರೊಳಗೇ ಹೋಗಬೇಕಾಯ್ತು.’