ಬೆಂಗಳೂರು ಉಳಿಸಿಕೊಳ್ಳದ ಮೇಷ್ಟ್ರು

ನಿರಾಶ್ರಿತರಾಗಿ ಬಂದ ಪ್ರೊಫೆಸರ್‌ಗಳಿಗೆ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಕೆಲಸ ಕೊಡಬೇಕಾ ಎಂಬ ಮಾತು ಬಂದಾಗಲೆಲ್ಲ, ಅದು ಯುರೋಪಿನವರ ತಲೆನೋವು ಬಿಡಿ ಅಂತ ನಾವು ಸುಮ್ಮನಾಗುತ್ತೇವೆ. ಆದರೆ ಇದೇ ಪ್ರಶ್ನೆ ಸುಮಾರು ತೊಂಬತ್ತು ವರ್ಷದ ಹಿಂದೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಭೆಯಲ್ಲೇ ಎದ್ದಿತ್ತು.

1933ರಲ್ಲಿ ಹಿಟ್ಲರ್ ಸರ್ಕಾರ ಕಾನೂನು ತಂದು ಯಹೂದಿ ನೌಕರರನ್ನು ಸರ್ಕಾರಿ ಕೆಲಸದಿಂದ ತೆಗೆಯಿತು. ಜರ್ಮನಿಯಲ್ಲಿ ಪ್ರೊಫೆಸರ್‌ಗಳೂ ಸರ್ಕಾರಿ ನೌಕರರೇ. ಹಾಗಾಗಿ ಗಾಟಿಂಗೆನ್ ಯೂನಿವರ್ಸಿಟಿಯಲ್ಲಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೆಲಸ ಕಳೆದುಕೊಂಡರು. ಅಣುವಿನೊಳಗಿನ ಲೋಕದ ನಿಯಮ ಹೇಳುವ ಕ್ವಾಂಟಮ್ ಮೆಕ್ಯಾನಿಕ್ಸ್ ಕಟ್ಟಿದವರಲ್ಲಿ ಒಬ್ಬರು ಇವರು. ಆ ಶಾಸ್ತ್ರದ ಇನ್ನೊಬ್ಬ ದೊಡ್ಡ ಹೆಸರು ಹೈಸೆನ್‌ಬರ್ಗ್ ಇವರ ಹತ್ತಿರ ಅಸಿಸ್ಟೆಂಟ್ ಆಗಿದ್ದವರು. ಅಂಥವರಿಗೂ ಕೇಂಬ್ರಿಜ್‌ನಲ್ಲಿ ಸಿಕ್ಕಿದ್ದು ತಾತ್ಕಾಲಿಕ ಕೆಲಸ. ಆಗ ಟಾಟಾ ಇನ್‌ಸ್ಟಿಟ್ಯೂಟ್‌ನ ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್ ಕರೆದರು. 1935ರಲ್ಲಿ ಬಾರ್ನ್ ಹೆಂಡತಿ ಹೆಡಿ ಜೊತೆ ಬೆಂಗಳೂರಿಗೆ ಬಂದರು. ಸುಮಾರು ಆರು ತಿಂಗಳ ರೀಡರ್ ಹುದ್ದೆ.

ರಾಮನ್‌ಗೆ ಇವರನ್ನು ಖಾಯಂ ಮಾಡಿಕೊಳ್ಳುವ ಆಸೆ. ಪ್ರೊಫೆಸರ್‌ಗಳ ಸಭೆಯಲ್ಲಿ ವಿಷಯ ಇಟ್ಟರು. ಎಲೆಕ್ಟ್ರಿಕಲ್ ವಿಭಾಗದ ಇಂಗ್ಲಿಷ್ ಪ್ರೊಫೆಸರ್ ಆಸ್ಟನ್ ಎದ್ದು ನಿಂತರು. ಸ್ವಂತ ದೇಶದಿಂದ ಓಡಿಸಿಕೊಂಡು ಬಂದ ಎರಡನೇ ದರ್ಜೆಯ ವಿದೇಶಿ ನಮಗೆ ಸಾಲದು ಎಂಬ ಅರ್ಥದಲ್ಲಿ ಮಾತಾಡಿದರು. ಬಾರ್ನ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಮನೆಗೆ ಹೋಗಿ ಹೆಂಡತಿ ಎದುರು ಅತ್ತುಬಿಟ್ಟರಂತೆ, ಐವತ್ತು ದಾಟಿದ ಮನುಷ್ಯ. (ಇಂಗ್ಲೆಂಡಿನಿಂದ ಬಂದು ಬೆಂಗಳೂರಿನಲ್ಲಿ ಕೂತವರು ಇನ್ನೊಬ್ಬರನ್ನು ವಿದೇಶಿ ಅಂದದ್ದು ನೋಡಿ!)

ನನಗನ್ನಿಸುವಂತೆ ಆ ಸಿಟ್ಟು ಬಾರ್ನ್ ಮೇಲಿನದ್ದಕ್ಕಿಂತ ಜಾಸ್ತಿ ರಾಮನ್ ಮೇಲಿನದ್ದು. ಡೈರೆಕ್ಟರ್ ಎಲ್ಲವನ್ನೂ ಫಿಸಿಕ್ಸ್‌ಗೇ ಸುರಿಯುತ್ತಾರೆ ಎಂಬ ದೂರು ಆಗಲೇ ಇತ್ತು. 1937ರಲ್ಲಿ ರಾಮನ್ ಡೈರೆಕ್ಟರ್ ಹುದ್ದೆಯನ್ನೇ ಬಿಡಬೇಕಾಯಿತು. ಹೊರಗಿನಿಂದ ಬಂದ ಮೇಷ್ಟ್ರಿಗೆ ಅಲ್ಲಿ ತಮ್ಮವರು ಅಂತ ಇರುವುದಿಲ್ಲ. ಒಳಜಗಳದಲ್ಲಿ ಮೊದಲು ಪೆಟ್ಟು ತಿನ್ನುವುದು ಅಂಥವರೇ.

1936ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಯೂನಿವರ್ಸಿಟಿ ಬಾರ್ನ್ ಅವರನ್ನು ಪ್ರೊಫೆಸರ್ ಮಾಡಿಕೊಂಡಿತು. ನಿವೃತ್ತಿಯವರೆಗೂ ಅಲ್ಲೇ ಇದ್ದರು. 1954ರಲ್ಲಿ ನೊಬೆಲ್ ಬಂತು. ನೊಬೆಲ್ ವಿಷಯ ಬಿಡಿ, ನನಗೆ ಹೊಟ್ಟೆ ಉರಿಯುವುದು ಶಿಷ್ಯರ ವಿಷಯಕ್ಕೆ. ಪೆಂಗ್ ಹುವಾನ್‌ವು ಚೀನಾದಿಂದ ಎಡಿನ್‌ಬರೋಗೆ ಹೋಗಿ ಅವರ ಹತ್ತಿರ ಕಲಿತರು. ಹುವಾಂಗ್ ಕುನ್ ಅವರ ಜೊತೆ ಸೇರಿ ಪುಸ್ತಕವನ್ನೇ ಬರೆದರು. ಇಬ್ಬರೂ ವಾಪಸ್ ಹೋಗಿ ಚೀನಾದಲ್ಲಿ ಭೌತಶಾಸ್ತ್ರವನ್ನು ಬೆಳೆಸಿದರು. ಅಂಥ ಒಂದು ಪಾಠಶಾಲೆ ಮಲ್ಲೇಶ್ವರದ ಪಕ್ಕದಲ್ಲೇ ಬೆಳೆಯಬಹುದಿತ್ತು, ಅಲ್ವಾ?

ಅದೇ 1933ರಲ್ಲಿ ಟರ್ಕಿ ಬೇರೆ ದಾರಿ ಹಿಡಿಯಿತು. ಕೆಲಸ ಕಳೆದುಕೊಂಡ ಜರ್ಮನ್ ಪ್ರೊಫೆಸರ್‌ಗಳನ್ನು ಗುಂಪಾಗಿ ಇಸ್ತಾಂಬುಲ್ ಯೂನಿವರ್ಸಿಟಿಗೆ ಕರೆಸಿಕೊಂಡಿತು. ಕರಾರು ಪಕ್ಕಾ ಇತ್ತು: ಟರ್ಕಿಶ್ ಕಲಿತು ಅದರಲ್ಲೇ ಪಾಠ ಮಾಡಬೇಕು, ಪಠ್ಯಪುಸ್ತಕ ಬರೆಯಬೇಕು. ಅಲ್ಲಿಯವರೆಗೆ ಕ್ಲಾಸಿನಲ್ಲಿ ಪಕ್ಕಕ್ಕೊಬ್ಬ ದುಭಾಷಿ. ಎಲ್ಲರಿಗೂ ಭಾಷೆ ಒಲಿಯಲಿಲ್ಲ. ಆದರೆ ಅರ್ನ್ಸ್ಟ್ ಹಿರ್ಶ್ ಎಂಬ ಕಾನೂನು ಮೇಷ್ಟ್ರು ಎಷ್ಟು ಚೆನ್ನಾಗಿ ಕಲಿತರೆಂದರೆ, ಆ ದೇಶದ ವಾಣಿಜ್ಯ ಕಾನೂನಿನ ಕರಡು ಬರೆಯುವ ಕೆಲಸವೂ ಅವರ ಪಾಲಿಗೇ ಬಂತು.

ಇದರಲ್ಲೂ ಹುಳುಕು ಇತ್ತು. ಅದೇ ವರ್ಷ ಅಲ್ಲಿನ ಹಳೆಯ ಮೇಷ್ಟ್ರುಗಳನ್ನು ದೊಡ್ಡ ಸಂಖ್ಯೆಯಲ್ಲಿ ಮನೆಗೆ ಕಳಿಸಿದ್ದರು. ಬಂದವರಿಗೆ ಸಂಬಳವೂ ಜಾಸ್ತಿ. ಉಳಿದವರ ಹೊಟ್ಟೆಯಲ್ಲಿ ಬೆಂಕಿ ಬೀಳದೆ ಇರುತ್ತಾ?

ಇಲ್ಲಿ ನೀವು ಕೇಳುವುದು ಗೊತ್ತು. ನಮ್ಮ ಡಿಗ್ರಿ ಕಾಲೇಜುಗಳ ಅತಿಥಿ ಉಪನ್ಯಾಸಕರೇ ವರ್ಷಗಟ್ಟಲೆ ಖಾಯಂ ಇಲ್ಲದೆ ಧರಣಿ ಕೂರುತ್ತಿರುವಾಗ, ಕಾಬೂಲಿನಿಂದಲೋ ಡಮಾಸ್ಕಸ್‌ನಿಂದಲೋ ಬಂದವರಿಗೆ ಹುದ್ದೆ ಎಲ್ಲಿಂದ ತರೋಣ? ನ್ಯಾಯವಾದ ಪ್ರಶ್ನೆ. ಇವರದ್ದನ್ನು ಕಿತ್ತು ಅವರಿಗೆ ಕೊಟ್ಟರೆ ಇಸ್ತಾಂಬುಲ್‌ನ ತಪ್ಪೇ ಆಗುತ್ತದೆ. ಇರುವ ಹುದ್ದೆಗೆ ಕೈ ಹಾಕದೆ, ಹೊಸ ಹುದ್ದೆಯನ್ನೇ ಸೃಷ್ಟಿಸಬೇಕು. ನಮ್ಮಲ್ಲಂತೂ ನಿರಾಶ್ರಿತರಿಗೆ ಪ್ರತ್ಯೇಕ ಕಾನೂನೇ ಇಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ.

ಜರ್ಮನಿಯಲ್ಲಿ ಈಗ ಇಂಥವರಿಗಾಗಿಯೇ ಫಿಲಿಪ್ ಶ್ವಾರ್ಟ್ಸ್ ಹೆಸರಿನ ಫೆಲೋಶಿಪ್ ಇದೆ. ಅಂದು ಇಸ್ತಾಂಬುಲ್ ಜೊತೆ ಮಾತಾಡಿ ಅಷ್ಟು ಜನಕ್ಕೆ ಕೆಲಸ ಕೊಡಿಸಿದವರು ಇದೇ ಶ್ವಾರ್ಟ್ಸ್. ಒಳ್ಳೆಯ ಯೋಜನೆಯೇ. ಆದರೆ ಇಂಥ ಯಾವ ಫೆಲೋಶಿಪ್‌ನ ಸುದ್ದಿ ಓದಿದರೂ ನಾನು ಹುಡುಕುವುದು ಒಂದೇ ಸಾಲು: ಅವಧಿ ಮುಗಿದ ಮೇಲೆ ಆ ಮೇಷ್ಟ್ರ ಸಂಬಳವನ್ನು ಯೂನಿವರ್ಸಿಟಿ ತನ್ನ ಬಜೆಟ್‌ನ ಯಾವ ಹೆಡ್‌ನಲ್ಲಿ ಹಾಕಿದೆ?